ಮೊದಲು ಬಂದವರ ಹೆಸರು

ತನ್ನ ಕೈಕೆಳಗೆ ಕೆಲಸಕ್ಕೆ ಸೇರಿದ ಹೊಸಬಳನ್ನು ತಪ್ಪಿನ ಸಮೇತ ಹಿಡಿಯಬೇಕೆಂದೇ ಅವನು ಅಂದು ಏಳು ಗಂಟೆಗೆ ಮುಂಚೆ ಆಸ್ಪತ್ರೆಗೆ ಬಂದದ್ದು. ಹಾಗೆಂದು ಯಾರ ಹತ್ತಿರವೂ ಬಾಯಿ ಬಿಟ್ಟಿರಲಿಲ್ಲ. ಹೆಂಡತಿಗೆ ಮೀಟಿಂಗ್ ಇದೆ ಎಂದಿದ್ದ. ಅವಳು ಊಟದ ಡಬ್ಬಿ ಕೈಗೆ ಕೊಡುತ್ತ, ‘ನಿನ್ನೇದು, ಮೊನ್ನೇದು ಎರಡೂ ಆಸ್ಪತ್ರೇಲೇ ಕೂತಿವೆ. ಇದು ಕಡೇ ಡಬ್ಬಿ ರೀ. ಇದನ್ನೂ ಬಿಟ್ಟು ಬಂದ್ರೆ ನಾಳೆ ಬೊಗಸೇಲಿ ತಗೊಂಡು ಹೋಗಿ’ ಎಂದಳು. ಅವನಿಗೆ ನಗು ಬರಲಿಲ್ಲ. ಅವಳ ಇನ್ನೊಂದು ಕೈಯಲ್ಲಿದ್ದ ಫೋನಿನ ಬೆಳಕು ಇನ್ನೂ ಆರಿರಲಿಲ್ಲ. ಇಷ್ಟು ಬೆಳಿಗ್ಗೆ ತಮ್ಮನ ಜೊತೆಗಲ್ಲದೆ ಇನ್ಯಾರ ಜೊತೆಗೆ ಮಾತು? ಎಂಟು ತಿಂಗಳಿಂದ ಹೀಗೆಯೇ. ಅವನು ಕೋಣೆಗೆ ಕಾಲಿಟ್ಟರೆ ಸಾಕು, ಅವಳ ದನಿ ತಗ್ಗುತ್ತದೆ, ‘ಇಡ್ತೀನಿ ಕಣೋ’ ಎಂಬುದಷ್ಟೇ ಅವನ ಕಿವಿಗೆ ಬೀಳುತ್ತದೆ. ಅಕ್ಕ ತಮ್ಮ ಇಬ್ಬರೂ ಸೇರಿ ತನ್ನನ್ನು ಅಕ್ಕಿಯ ಹಾಗೆ ಆರಿಸುತ್ತಿದ್ದಾರೆ, ಕಲ್ಲು ಬೇರೆ ನುಚ್ಚು ಬೇರೆ ಮಾಡುತ್ತಿದ್ದಾರೆ ಎಂದು ಬಸ್ಸಿನುದ್ದಕ್ಕೂ ಅನ್ನಿಸಿತು. ಆರಿಸಲಿ. ತಾನು ಮಾಡಿದ್ದರಲ್ಲಿ ತಪ್ಪೇನಿತ್ತು? ತನ್ನ ಕೈಯಾರೆ ಕೆಲಸ ಕೊಡಿಸಿದ ಬಾಮೈದನ ಹೆಸರನ್ನು ತನ್ನ ಕೈಯಾರೆ ತಪ್ಪಿತಸ್ಥನೆಂದು ವರದಿಯಲ್ಲಿ ಬರೆದೆ. ಸಂಬಂಧ ನೋಡಲಿಲ್ಲ ಎಂದು ಅಧಿಕಾರಿ ಬೆನ್ನು ತಟ್ಟಿದ್ದರು. ಆ ಬೆನ್ನು ತಟ್ಟಿದ ಜಾಗ ಇವತ್ತಿಗೂ ಒಂದೊಂದು ಸಲ ನವೆಯಾಗುತ್ತದೆ.

ಕಂಪ್ಯೂಟರ್ ವಿಭಾಗದ ಕೋಣೆಯ ಬಾಗಿಲು ತೆಗೆದು, ಒಳಗೆ ಹೋಗಿ, ಮತ್ತೆ ಹಿಂತಿರುಗಿ ಚಿಲಕ ಸರಿಯಾಗಿ ಕೂತಿದೆಯೇ ಎಂದು ನೋಡಿದ. ಬೆನ್ನ ಹಿಂದೆ ಎಲ್ಲರೂ ತನ್ನನ್ನು ಚಿಲಕ ಸಾರ್ ಎನ್ನುವುದು ಅವನಿಗೆ ಗೊತ್ತು. ಅನ್ನಲಿ, ಚಿಲಕವಿಲ್ಲದ ಮನೆ ಯಾವುದಿದೆ? ಗೋಡೆಯ ಮೇಲೆ ಅವನೇ ದೊಡ್ಡ ಅಕ್ಷರದಲ್ಲಿ ಬರೆದು ಅಂಟಿಸಿದ್ದ ಹಾಳೆ ಅಂಚಿನಲ್ಲಿ ಸುರುಳಿಯಾಗಿತ್ತು: ‘ಕನೆಕ್ಷನ್ ಆಗಲಿ, ಫೈಲಿನ ಲಾಕ್ ಆಗಲಿ, ತೆಗೆದುಕೊಂಡವರೇ ಬಿಡಬೇಕು. ಕೆಲಸ ಆದರೂ ಬಿಡಬೇಕು, ಕೆಟ್ಟರೂ ಬಿಡಬೇಕು, ಅರ್ಧಕ್ಕೆ ಎದ್ದು ಹೋದರೂ ಬಿಟ್ಟೇ ಹೋಗಬೇಕು.’ ಈ ಮೂರು ಮಾತನ್ನು ಬಾಮೈದನಿಗೂ ಬಾಯಿಪಾಠ ಮಾಡಿಸಿದ್ದ, ಹೊಸಬಳಿಗೂ ಮಾಡಿಸಿದ್ದ. ಆಸ್ಪತ್ರೆಯ ಡೇಟಾಬೇಸಿಗೆ ಹೋಗಿ ಬರಲು ಇರುವುದು ನಲವತ್ತು ಕನೆಕ್ಷನ್; ಗೋಡೆಯ ಮೊಳೆಗೆ ತೂಗುಹಾಕಿದ ನಲವತ್ತು ಕೀಲಿಕೈ ಇದ್ದ ಹಾಗೆ. ಲ್ಯಾಬಿನವರು ಒಂದು ರಕ್ತದ ಸ್ಯಾಂಪಲ್ ನಂಬರ್ ಹೊಡೆದರೆ ಪ್ರೋಗ್ರಾಂ ಒಂದು ಕೀಲಿಕೈ ತೆಗೆದುಕೊಂಡು ಒಳಗೆ ಹೋಗುತ್ತದೆ, ನೋಡುತ್ತದೆ, ಬಂದು ಮೊಳೆಗೆ ಹಾಕುತ್ತದೆ. ಯಾವುದೋ ಪ್ರೋಗ್ರಾಂ ಜೇಬಿನಲ್ಲಿಟ್ಟುಕೊಂಡು ಮರೆತರೆ ಒಂದು ಕಡಿಮೆಯಾಯಿತು. ಹಾಗೆ ನಲವತ್ತೂ ಹೋದರೆ ಇಡೀ ಲ್ಯಾಬ್ ಪರದೆಯ ಮೇಲೆ ತಿರುಗುವ ಚಕ್ರವನ್ನು ನೋಡುತ್ತ ಕೂರಬೇಕು. ಎರಡು ವಾರದಿಂದ ದಿನವೂ ಹನ್ನೊಂದರ ಹೊತ್ತಿಗೆ ಅದೇ ಆಗುತ್ತಿತ್ತು. ಹೊರಗೆ ಉಳಿದ ಕನೆಕ್ಷನ್‌ಗಳ ಪಟ್ಟಿ ತೆಗೆದರೆ ಪ್ರತಿಯೊಂದರ ಮುಂದೆಯೂ ಹೊಸಬಳ ಹೆಸರು. ಎಂಟು ತಿಂಗಳ ಹಿಂದೆ ಅದೇ ಜಾಗದಲ್ಲಿ ಬಾಮೈದನ ಹೆಸರಿತ್ತು. ಕನೆಕ್ಷನ್‌ಗೆ ಹೆಸರಿನ ಗುರುತು ಹಾಕುವ ಆ ಏರ್ಪಾಡು ಕೂಡ ಅವನದೇ. ಕಳ್ಳ ಸಿಗಲಿ ಎಂದು ಹನ್ನೊಂದು ವರ್ಷದ ಹಿಂದೆ ಮಾಡಿದ್ದು.

ಅವತ್ತಿನ ವಿಚಾರಣೆ ನೆನಪಾದಾಗಲೆಲ್ಲ ಅವನಿಗೆ ಮೊದಲು ಕಾಣುವುದು ಬಾಮೈದನ ಅಂಗಿಯ ಜೇಬು. ಅದಕ್ಕೆ ಎರಡು ದಿನ ಮೊದಲು ಲ್ಯಾಬ್ ನಿಂತು, ರಕ್ತದ ಗುಂಪನ್ನು ಚೀಟಿಯಲ್ಲಿ ಕೈಯಿಂದ ಬರೆದು ಕಳಿಸುವಾಗ ಎರಡು ಚೀಟಿ ಅದಲು ಬದಲಾಗಿದ್ದವು. ಆಪರೇಷನ್ ಕೋಣೆಯ ಬಾಗಿಲಲ್ಲಿ ನರ್ಸ್ ಒಬ್ಬಳು ಎರಡನೇ ಸಲ ನೋಡಿದ್ದರಿಂದ ಒಬ್ಬ ಮುದುಕಿಯ ಪ್ರಾಣ ಉಳಿಯಿತು. ಮೇಜಿನ ಆ ಕಡೆ ಅಧಿಕಾರಿ, ಈ ಕಡೆ ಅವನು, ನಡುವೆ ಕುರ್ಚಿಯ ತುದಿಗೆ ಬಾಮೈದ. ‘ಒಂಬತ್ತು ಐವತ್ತಕ್ಕೆ ನನ್ನ ಹೆಸರಿದೆ ಅಂತೀರಿ. ಆ ಹೊತ್ತಿಗೆ ನಾನು ಕೆಳಗೆ ವಾರ್ಡಲ್ಲಿ ಪ್ರಿಂಟರ್ ರಿಪೇರಿ ಮಾಡ್ತಿದ್ದೆ, ಭಾವ. ನೀವೇ ಕಳಿಸಿದ್ದು.’ ಆಫೀಸಿನಲ್ಲಿ ಭಾವ ಎನ್ನಬೇಡ ಎಂದು ಎಷ್ಟು ಸಲ ಹೇಳಿದ್ದ! ಆ ಒಂದು ಪದಕ್ಕೆ ಅವನ ಮೈ ಬಿಸಿಯಾಗಿ, ಅಧಿಕಾರಿಯ ಮುಖ ನೋಡಲಾರದೆ, ‘ಮನುಷ್ಯ ಸುಳ್ಳು ಹೇಳಬಹುದು, ಮೆಷಿನ್ ಹೇಳಲ್ಲ’ ಎಂದುಬಿಟ್ಟ. ಬಾಮೈದನ ಕೈ ಅಂಗಿಯ ಜೇಬಿಗೆ ಹೋಯಿತು. ಹೋಗಿ, ಖಾಲಿ ವಾಪಸು ಬಂತು. ಸ್ವಲ್ಪ ಹೊತ್ತಿಗೆ ಮತ್ತೊಮ್ಮೆ ಹೋಗಿ ಬಂತು. ಮಾತೆಲ್ಲ ಫೋನಿನಲ್ಲಿ ತುಂಬಿಕೊಳ್ಳುತ್ತಿದ್ದಾನೆ, ಅಕ್ಕನಿಗೆ ಕೇಳಿಸುತ್ತಾನೆ ಎಂದು ಅವನಿಗೆ ಖಾತ್ರಿಯಾಗಿ, ಮುಂದಿನ ಮಾತುಗಳನ್ನೆಲ್ಲ ಅಳೆದು ತೂಗಿ ಆಡಿದ. ವರದಿಯ ನಮೂನೆಯಲ್ಲಿ ‘ಕಾರಣರಾದವರು’ ಎಂಬ ಖಾನೆ ಇತ್ತು. ಅದನ್ನು ತುಂಬುವಾಗ ಅಕ್ಷರ ಯಾವತ್ತಿಗಿಂತ ದುಂಡಗೆ ಬಂತು. ಬಾಮೈದನನ್ನು ಕೆಲಸದಿಂದ ತೆಗೆದ ದಿನವೇ, ಯಾತಕ್ಕೂ ಇರಲಿ ಎಂದು, ಇಪ್ಪತ್ತಿದ್ದ ಕನೆಕ್ಷನ್‌ಗಳನ್ನು ನಲವತ್ತು ಮಾಡಿದ. ಲ್ಯಾಬ್ ಮತ್ತೆ ನಿಲ್ಲಲಿಲ್ಲ. ನೋಡಿದ್ರಾ, ಆ ಹುಡುಗ ಹೋದ, ಕಾಟ ಹೋಯ್ತು ಎಂದರು ಎಲ್ಲರೂ. ಅವನೂ ತಲೆಯಾಡಿಸಿದ. ನಲವತ್ತರ ಮಾತನ್ನು ಯಾರೂ ಕೇಳಲಿಲ್ಲ, ಅವನೂ ಹೇಳಲಿಲ್ಲ.

ಬೆಳಗಿನ ಆರಕ್ಕೆ ಸರ್ವರ್ ತಾನಾಗಿ ಹೊಸದಾಗಿ ಶುರುವಾಗುತ್ತದೆ. ಲ್ಯಾಬ್ ತೆರೆಯುವ ಮೊದಲು ವಿಭಾಗದವರೊಬ್ಬರು ಬಂದು, ತಮ್ಮ ಹೆಸರಿನಲ್ಲಿ ಒಳಗೆ ಹೋಗಿ ಎಲ್ಲ ಸರಿಯಿದೆಯೇ ಎಂದು ಪರೀಕ್ಷೆ ಮಾಡಬೇಕು. ಚಿಕ್ಕವರ ಕೆಲಸ ಅದು. ಬಾಮೈದ ಮಾಡುತ್ತಿದ್ದ, ಅವನ ನಂತರ ಹೊಸಬಳು. ಇವತ್ತು ಅವನೇ ಮಾಡಿದ. ನಿನ್ನೆ ಸಂಜೆ ಹೊಸಬಳಿಗೆ, ‘ನಾಳೆ ಹತ್ತಕ್ಕೆ ಬಾಮ್ಮ, ದಿನಾ ನೀನೇ ಬೇಗ ಬರ್ತೀಯ’ ಎಂದಾಗ ಅವಳು ಒಂದು ಗಳಿಗೆ ಅವನ ಮುಖವನ್ನೇ ನೋಡಿ ‘ಸರಿ ಸಾರ್’ ಎಂದಿದ್ದಳು. ಆ ಒಂದು ಗಳಿಗೆಯ ಅರ್ಥವೇನು? ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಲ್ಲವೇ? ಹತ್ತರ ತನಕ ಪಟ್ಟಿ ಖಾಲಿಯಿರುತ್ತದೆ, ಅವಳು ಬಂದು ಕೂತ ಮೇಲೆ ಒಂದೊಂದೇ ಸಾಲು ಏಳುತ್ತದೆ. ಅದನ್ನು ಅಧಿಕಾರಿಗೆ ಕರೆದು ತೋರಿಸಿದರಾಯಿತು ಎಂದುಕೊಂಡು, ಪಟ್ಟಿಯನ್ನು ಪರದೆಯ ಮೇಲೆ ತೆರೆದಿಟ್ಟು ಕಣ್ಣಲ್ಲಿ ಕಣ್ಣಿಟ್ಟು ಕೂತ. ಎಂಟೂವರೆಗೆ ಒಂದು ಸಾಲು ಎದ್ದಿತು. ಮುಂದೆ ಅವನ ಹೆಸರು. ಪರೀಕ್ಷೆಯ ಪುಟವನ್ನು ತಾನೇ ತೆರೆದಿಟ್ಟಿರಬೇಕು ಎಂದು ಅದನ್ನು ಮುಚ್ಚಿದ. ಸಾಲು ಹೋಗಲಿಲ್ಲ. ಒಂಬತ್ತಕ್ಕೆ ಐದು ಸಾಲು, ಐದೂ ಅವನ ಹೆಸರಿನವು. ಬಾಗಿಲ ಕಡೆ ನೋಡಿದ. ಚಿಲಕ ಹಾಕಿಯೇ ಇತ್ತು. ಮತ್ತೆ ಹೊಳೆಯಿತು: ಅವಳಿಗೆ ತನ್ನ ಪಾಸ್‌ವರ್ಡ್ ಗೊತ್ತಾಗಿದೆ. ಮನೆಯಲ್ಲಿ ಕೂತು ತನ್ನ ಹೆಸರಿನಲ್ಲಿ ಒಳಗೆ ಬಂದಿದ್ದಾಳೆ. ಯಾರು ಹೇಳಿಕೊಟ್ಟಿರಬಹುದು? ಬಾಮೈದ! ಅವನಿಗೆ ಪಾಸ್‌ವರ್ಡ್ ಯಾರು ಕೊಟ್ಟರು ಎಂದು ಯೋಚಿಸಿದಾಗ ಬೆಳಿಗ್ಗೆ ಹೆಂಡತಿಯ ಕೈಯಲ್ಲಿ ಬೆಳಗುತ್ತಿದ್ದ ಫೋನು ಕಣ್ಣ ಮುಂದೆ ಬಂತು. ಮೂವರೂ ಸೇರಿದ್ದಾರೆ. ಹೀಗೆ ಯೋಚಿಸುತ್ತಿರುವವನು ತಾನೇ ಎಂದು ಅವನಿಗೆ ನಾಚಿಕೆಯಾಗಬೇಕಿತ್ತು, ಆಗಲಿಲ್ಲ. ಎಲ್ಲ ಒಂದಕ್ಕೊಂದು ಕೂಡಿ ಬಂತಲ್ಲ ಎಂಬ ಒಂದು ಬಗೆಯ ನೆಮ್ಮದಿಯೇ ಆಯಿತು.

ಹತ್ತಕ್ಕೆ ಐದು ನಿಮಿಷವಿರುವಾಗ ಹೊಸಬಳು ಬಾಗಿಲು ತಟ್ಟಿ, ಅವನು ಚಿಲಕ ತೆಗೆದ ಮೇಲೆ ಒಳಗೆ ಬಂದಳು. ಚೀಲ ಇಟ್ಟು, ಒದ್ದೆ ಕೂದಲನ್ನು ಹಿಂದೆ ಕಟ್ಟಿಕೊಂಡು ಕೂತಳು. ಅವನು ಅವಳ ಕುರ್ಚಿಯ ಹಿಂದೆ ಹೋಗಿ ನಿಂತ. ಅವಳ ಬೆರಳು ಕೀಲಿಮಣೆಯ ಮೇಲೆ ನಿಂತವು.

‘ಏನಾದ್ರೂ ಬೇಕಿತ್ತಾ ಸಾರ್?’

‘ನನ್ನ ಪಾಸ್‌ವರ್ಡ್ ನಿಂಗೆ ಯಾರು ಹೇಳಿದ್ರು?’

ಅವಳು ಪೂರ್ತಿ ತಿರುಗಿ ಕೂತಳು. ‘ನಿಮ್ಮ ಪಾಸ್‌ವರ್ಡಾ? ನಂದೇ ವಾರಕ್ಕೊಂದ್ಸಲ ಮರೆತೋಗುತ್ತೆ ಸಾರ್.’ ನಗಬೇಕೆಂದು ಹೊರಟವಳು ಅವನ ಮುಖ ನೋಡಿ ನಿಲ್ಲಿಸಿದಳು. ‘ಎರಡು ವಾರದಿಂದ ನೋಡ್ತಿದೀನಿ, ನೀವು ನನ್ನ ಬೆನ್ನ ಹಿಂದೇನೇ ಇರ್ತೀರ. ನಾನು ಬರೆದಿದ್ದೆಲ್ಲ ಮೂರು ಮೂರು ಸಲ ತಿರುವಿ ನೋಡಿದೆ. ಎಲ್ಲ ಕಡೆ ಬಿಟ್ಟಿದೀನಿ. ನೀವೂ ಒಂದ್ಸಲ ನೋಡಿ ಸಾರ್, ತಪ್ಪಿದ್ರೆ ಹೇಳಿ. ಸುಮ್ನೆ ಹಿಂದೆ ನಿಂತ್ಕೋಬೇಡಿ.’ ಒಂದ್ಸಲ ನೋಡಿ ಭಾವ ಎಂದು ಬಾಮೈದನೂ ಹೇಳಿದ್ದನಲ್ಲವೇ? ತಾನು ನೋಡಿದ್ದೆನೇ? ಪಟ್ಟಿ ನೋಡಿದ್ದೆ, ಪಟ್ಟಿಯಲ್ಲಿ ಹೆಸರಿರುವಾಗ ಇನ್ನು ಕೋಡ್ ನೋಡುವುದೇನು ಎಂದುಕೊಂಡಿದ್ದೆ. ಅಷ್ಟರಲ್ಲಿ ಲ್ಯಾಬಿನ ಹಿರಿಯ ಬಾಗಿಲಲ್ಲಿ ತಲೆ ಹಾಕಿ, ಎರಡನೇ ಮಹಡಿಯ ವಾರ್ಡಿನವರ ಮೇಲೆ ದೂರು ಶುರು ಮಾಡಿದ. ಅಲ್ಲಿಗೆ ಹೋದ ವರ್ಷ ಬಂದ ಹೊಸ ನರ್ಸಮ್ಮ ಸ್ಯಾಂಪಲ್ ಮೊದಲು ಕಳಿಸಿ ನಂಬರ್ ಆಮೇಲೆ ಕಂಪ್ಯೂಟರಿಗೆ ಸೇರಿಸುತ್ತಾಳೆ, ಈಗಂತೂ ಮೂರನೇ ಮಹಡಿಗೂ ಅದೇ ಚಾಳಿ ಅಂಟಿದೆ, ತಾವು ಹುಡುಕಿದರೆ ‘ಸಿಗಲಿಲ್ಲ’ ‘ಸಿಗಲಿಲ್ಲ’ ಎಂದೇ ಬರುತ್ತದೆ ಎಂದು. ಅವನು ಹ್ಞೂಂಗುಟ್ಟುತ್ತ ಹೊರಗೆ ಬಂದು, ಹಿರಿಯನ ಜೊತೆ ಹಜಾರದಲ್ಲಿ ಚಹಾದ ಕಪ್ಪು ಹಿಡಿದು ನಿಂತ. ಮಾತು ಮುಗಿದಾಗ ಹತ್ತೂಮುಕ್ಕಾಲು.

ಒಳಗೆ ಬಂದು ನೋಡಿದರೆ ಮೂವತ್ತೆಂಟು ಸಾಲು. ನೋಡುತ್ತಿದ್ದಂತೆ ಮೂವತ್ತೊಂಬತ್ತು, ನಲವತ್ತು. ಫೋನುಗಳು ಹೊಡೆದುಕೊಳ್ಳತೊಡಗಿದವು. ಅವನು ಯಾವುದನ್ನೂ ಎತ್ತಲಿಲ್ಲ. ಪ್ರತಿ ಸಾಲಿನ ಮುಂದೆ ಅವನ ಹೆಸರು, ಅದರ ಮುಂದೆ ಹೊತ್ತು. ಹತ್ತು ಹದಿನೈದು, ಹತ್ತು ಇಪ್ಪತ್ತು, ಹತ್ತು ಇಪ್ಪತ್ತೆರಡು. ಆ ಹೊತ್ತಿಗೆ ತಾನು ಹಜಾರದಲ್ಲಿ ಚಹಾ ಕುಡಿಯುತ್ತಿದ್ದೆ, ಬೇಕಾದರೆ ಲ್ಯಾಬಿನ ಹಿರಿಯನನ್ನು ಕೇಳಿ, ಎಂದು ಮನಸ್ಸಿನಲ್ಲಿ ಯಾರಿಗೋ ಹೇಳಿದ. ಹೇಳಿದ ಕೂಡಲೇ ಆ ಮಾತನ್ನು ಎಲ್ಲಿ ಕೇಳಿದ್ದೆನೆಂದು ಗೊತ್ತಾಯಿತು. ಕೆಳಗೆ ವಾರ್ಡಲ್ಲಿ ಪ್ರಿಂಟರ್ ರಿಪೇರಿ ಮಾಡ್ತಿದ್ದೆ, ಭಾವ. ನೀವೇ ಕಳಿಸಿದ್ದು. ಅವನು ಸರ್ವರ್ ನಿಲ್ಲಿಸಿ ಮತ್ತೆ ಶುರು ಮಾಡಿದ. ಫೋನುಗಳು ಬಾಯಿ ಮುಚ್ಚಿದವು. ಆಮೇಲೆ ಹನ್ನೊಂದು ವರ್ಷದಿಂದ ತೆರೆಯದಿದ್ದ ತನ್ನ ಫೈಲನ್ನು ತೆರೆದ. ಹೆಸರಿನ ಗುರುತು ಹಾಕುವ ಸಾಲು ಅಲ್ಲಿತ್ತು. ದಿನದಲ್ಲಿ ಮೊದಲು ಯಾರು ಒಳಗೆ ಬರುತ್ತಾರೋ ಅವರಿಗಾಗಿ ಎಲ್ಲ ಕನೆಕ್ಷನ್‌ಗಳೂ ಒಟ್ಟಿಗೆ ತೆರೆದುಕೊಳ್ಳುತ್ತವೆ, ಎಲ್ಲದಕ್ಕೂ ಅವರ ಹೆಸರು ಬೀಳುತ್ತದೆ. ಆಮೇಲೆ ಯಾರು ತೆಗೆದುಕೊಂಡರೂ ಹೆಸರು ಬದಲಾಗುವುದಿಲ್ಲ. ಕೆಳಗೆ ಅವನದೇ ಟಿಪ್ಪಣಿ: ‘ಪ್ರತಿ ಸಲ ಹೆಸರು ಬದಲಿಸಬೇಕು. ಆಮೇಲೆ ಮಾಡುವುದು.’ ಇನ್ನೂ ಕೆಳಗೆ ಹೋದ. ಸ್ಯಾಂಪಲ್ ನಂಬರ್ ಹುಡುಕುವ ಭಾಗ. ಕನೆಕ್ಷನ್ ತೆಗೆದುಕೋ, ಹುಡುಕು, ನಂಬರ್ ಇಲ್ಲದಿದ್ದರೆ ‘ಸಿಗಲಿಲ್ಲ’ ಎಂದು ಹೇಳಿ ಹೊರಟುಬಿಡು. ಕನೆಕ್ಷನ್ ಬಿಡುವ ಸಾಲು ಅದಕ್ಕಿಂತ ಕೆಳಗಿತ್ತು, ನಂಬರ್ ಸಿಕ್ಕವರಿಗೆ ಮಾತ್ರ. ಮೊದಲೆಲ್ಲ ದಿನಕ್ಕೆ ಒಂದೋ ಎರಡೋ ಸಿಗುತ್ತಿರಲಿಲ್ಲ. ಬೆಳಗಿನ ಆರಕ್ಕೆ ಸರ್ವರ್ ಹೊಸದಾದಾಗ ಅದೂ ತೊಳೆದುಹೋಗುತ್ತಿತ್ತು. ಈಗ ‘ಸಿಗಲಿಲ್ಲ’ ಎಂದಷ್ಟು ಸಲವೂ ಒಂದೊಂದು ಕನೆಕ್ಷನ್ ನುಂಗಿಹೋಗುತ್ತಿದೆ. ಆ ಹೊಸ ನರ್ಸಮ್ಮ ಬಂದ ಮೇಲೆ ಇಪ್ಪತ್ತು ಸಾಲಲಿಲ್ಲ, ಮೂರನೇ ಮಹಡಿಗೂ ಚಾಳಿ ಅಂಟಿದ ಮೇಲೆ ನಲವತ್ತೂ ಸಾಲಲಿಲ್ಲ. ಅರ್ಧಕ್ಕೆ ಎದ್ದು ಹೋದರೂ ಬಿಟ್ಟೇ ಹೋಗಬೇಕು ಎಂದು ಗೋಡೆಯ ಮೇಲೆ ಬರೆದವನು ತಲೆಯೆತ್ತಿ ಗೋಡೆ ನೋಡಲಿಲ್ಲ. ತನ್ನ ತಟ್ಟೆಯಲ್ಲಿ ಹೆಗ್ಗಣ ಸತ್ತು ಬಿದ್ದಿತ್ತು, ತಾನು ಎಂಟು ತಿಂಗಳಿಂದ ಪಕ್ಕದವರ ತಟ್ಟೆಯ ನೊಣ ಹುಡುಕುತ್ತಿದ್ದೆ. ಬಾಮೈದ ಮಾಡಿದ ತಪ್ಪು ಒಂದೇ, ದಿನವೂ ಎಲ್ಲರಿಗಿಂತ ಬೇಗ ಬರುತ್ತಿದ್ದ.

ಅಧಿಕಾರಿಯ ಫೋನು ಬಂತು. ‘ಆ ಹುಡುಗೀನೇ ತಾನೆ? ಸಂಜೆ ಐದರೊಳಗೆ ವರದಿ ಬರ್ಲಿ. ನಾಳೆಯಿಂದ ಅವಳು ಬೇಡ.’ ಅವನು ನೋಡ್ತೀನಿ ಎಂದು ಇಟ್ಟ. ಬಿಡುವ ಸಾಲನ್ನು ಮೇಲೆ ತಂದು, ಯಾವ ದಾರಿಯಲ್ಲಿ ಹೊರಟರೂ ಅದನ್ನು ದಾಟಿಯೇ ಹೋಗುವಂತೆ ಮಾಡಲು ಹತ್ತು ನಿಮಿಷ ಸಾಕಾಯಿತು. ಯಾರಿಗೂ ಹೇಳದಿದ್ದರೆ ಇಷ್ಟಕ್ಕೇ ಮುಗಿಯಿತು. ‘ಸಣ್ಣ ದೋಷ, ಸರಿಪಡಿಸಲಾಗಿದೆ’ ಎಂದು ಬರೆದರೆ ಹುಡುಗಿಯೂ ಉಳಿಯುತ್ತಾಳೆ, ತಾನೂ ಉಳಿಯುತ್ತೇನೆ. ಹಾವೂ ಸಾಯುವುದಿಲ್ಲ, ಕೋಲೂ ಮುರಿಯುವುದಿಲ್ಲ. ಎದ್ದು ಹೊರಟ. ಡಬ್ಬಿ ಮೇಜಿನ ಮೇಲೇ ಉಳಿಯಿತು.

ಬಾಮೈದನ ಮೊಬೈಲ್ ರಿಪೇರಿ ಅಂಗಡಿ ಎರಡು ರಸ್ತೆ ಆಚೆ, ಮೆಟ್ಟಿಲ ಕೆಳಗಿನ ಗೂಡು. ಈ ಎಂಟು ತಿಂಗಳು ಅವನು ಆ ರಸ್ತೆ ತಪ್ಪಿಸಿ ಸುತ್ತಿ ಹೋಗುತ್ತಿದ್ದ. ಬಾಮೈದ ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ತಲೆ ಬಗ್ಗಿಸಿದ್ದ. ಬಿಚ್ಚಿದ ಸ್ಕ್ರೂಗಳನ್ನು ಬಿಚ್ಚಿದ ಕ್ರಮದಲ್ಲೇ ಬಟ್ಟೆಯ ಮೇಲೆ ಸಾಲಾಗಿ ಇಟ್ಟಿದ್ದ.

‘ಬನ್ನಿ ಭಾವ. ಊಟ ಆಯ್ತಾ?’

‘ಇವತ್ತು ನಲವತ್ತೂ ನನ್ನ ಹೆಸರಲ್ಲಿ ಬಿದ್ದಿವೆ ಕಣೋ.’

ಬಾಮೈದ ತಲೆ ಎತ್ತದೆ ಒಂದು ಸ್ಕ್ರೂ ಕೂರಿಸಿದ. ಆಮೇಲೆ, ‘ಬೆಳಿಗ್ಗೆ ನೀವೇ ಮೊದ್ಲು ಬಂದ್ರಾ?’ ಎಂದ.

ಆ ಪ್ರಶ್ನೆ ಕೇಳಿ ಅವನು ಗಿರಾಕಿಗಳ ಸ್ಟೂಲಿನ ಮೇಲೆ ಕೂತುಬಿಟ್ಟ. ‘ನಿಂಗೆ ಗೊತ್ತಿತ್ತು.’

‘ವಿಚಾರಣೆ ಹಿಂದಿನ ದಿನ ಗೊತ್ತಾಯ್ತು. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಅಂತಾರಲ್ಲ, ಎತ್ತು ಯಾವ್ದು ಅಂತ ಹುಡುಕ್ಕೊಂಡು ಹೋದೆ. ನಿಮ್ಮ ಫೈಲಿಗೆ ಬಂದು ನಿಂತೆ. ಪ್ರಿಂಟ್ ತೆಗ್ದು ಜೇಬಲ್ಲೇ ಇಟ್ಕೊಂಡಿದ್ದೆ.’

ಜೇಬಿನಲ್ಲಿದ್ದದ್ದು ಫೋನಲ್ಲ. ಎರಡು ಸಲ ಹೋಗಿ ಖಾಲಿ ಬಂದ ಆ ಕೈ! ‘ಯಾಕೆ ತೆಗೀಲಿಲ್ಲ?’

‘ಅವತ್ತು ಸಂಜೇನೇ ಅಕ್ಕಂಗೆ ತೋರಿಸ್ದೆ. ಬೇಡ ಅಂದ್ಲು. ನಿಂಗಿನ್ನೂ ಮೂವತ್ತಾಗಿಲ್ಲ, ಎಲ್ಲಾದ್ರೂ ಬದುಕ್ತೀಯ. ಅವರಿಗೆ ಐವತ್ತೆರಡು, ಯಾರು ಕರೀತಾರೆ ಅಂದ್ಲು.’ ಬಾಮೈದ ಭೂತಗನ್ನಡಿ ತೆಗೆದು ಕಣ್ಣುಜ್ಜಿಕೊಂಡ. ‘ನಿಮ್ಮ ಎದುರಿಗೆ ಕೂತಾಗ ಎರಡು ಸಲ ತಡ್ಯೋಕೆ ಆಗ್ಲಿಲ್ಲ, ತೆಗ್ದೇಬಿಡೋಣ ಅನ್ನಿಸ್ತು. ಅಕ್ಕ ಇನ್ನೊಂದು ಮಾತು ಹೇಳಿದ್ಲು, ಅದು ನೆನಪಾಯ್ತು.’

‘ಏನು?’

‘ಬಿಡಿ ಭಾವ.’

‘ಹೇಳು.’

‘ಅವರಿಗೆ ತಪ್ಪು ಮಾಡಿ ಅಭ್ಯಾಸ ಇಲ್ಲ ಕಣೋ, ತಡ್ಕೊಳಲ್ಲ, ಅಂದ್ಲು.’

ಅವನು ಆಸ್ಪತ್ರೆಗೆ ವಾಪಸು ಹೇಗೆ ನಡೆದನೋ ಅವನಿಗೇ ತಿಳಿಯಲಿಲ್ಲ. ಹೆಂಡತಿಯ ಕೋಪಕ್ಕಾಗಿ ಅವನು ಎಂಟು ತಿಂಗಳು ಕಾದಿದ್ದ, ಅದಕ್ಕೆ ಉತ್ತರಗಳನ್ನು ಸಾಲುಸಾಲಾಗಿ ಜೋಡಿಸಿಟ್ಟುಕೊಂಡಿದ್ದ. ಕೋಪವೇ ಇರಲಿಲ್ಲ. ಬಿದ್ದರೆ ಒಡೆದೀತು ಎಂದು ಅವಳು ತನ್ನನ್ನು ಅಟ್ಟದ ಮೇಲಿಟ್ಟಿದ್ದಳು, ಕೆಳಗೆ ತಮ್ಮನನ್ನು ನಿಲ್ಲಿಸಿದ್ದಳು. ದಿನಾ ಬೆಳಿಗ್ಗೆ ಆ ತಮ್ಮನ ಜೊತೆ ದನಿ ತಗ್ಗಿಸಿ ಏನು ಮಾತಾಡಿರಬಹುದು? ಗಿರಾಕಿ ಬಂದರೇನೋ, ಊಟ ಮಾಡಿದೆಯೇನೋ. ತನ್ನ ಸುದ್ದಿ ಬಂದಿರಲಿಕ್ಕೇ ಇಲ್ಲ. ಸಂಶಯಕ್ಕೂ ಲಾಯಕ್ಕಾಗದಷ್ಟು ಸಣ್ಣ ಮಾತುಗಳು. ಅಳು ಬಂತು, ರಸ್ತೆಯಲ್ಲಿ ಜನರಿದ್ದುದರಿಂದ ಮೂಗು ಸೀಟಿ ಸುಮ್ಮನಾದ.

ಹೊಸಬಳು ಮೇಜಿನ ಮೇಲಿನ ತನ್ನ ಸಾಮಾನನ್ನು ಚೀಲಕ್ಕೆ ತುಂಬುತ್ತಿದ್ದಳು. ಅಧಿಕಾರಿಯ ಮಾತು ಹೇಗೋ ಅವಳ ಕಿವಿಗೆ ಬಿದ್ದಿತ್ತು. ‘ವಾಪಸ್ ಇಡಮ್ಮ’ ಎಂದ. ಅವಳು ನಂಬದೆ ನಿಂತಳು. ನಂಬದಿರುವುದನ್ನು ತಾನೇ ಕಲಿಸಿದ್ದೆ ಎನ್ನಿಸಿತು. ನಮೂನೆಯನ್ನು ತೆಗೆದು ‘ಕಾರಣರಾದವರು’ ಖಾನೆಯಲ್ಲಿ ತನ್ನ ಹೆಸರು ಬರೆದ. ಅಕ್ಷರ ಸೊಟ್ಟಗೆ ಬಂತು. ಅದರ ಕೆಳಗೆ, ಎಂಟು ತಿಂಗಳ ಹಿಂದಿನ ವರದಿಯ ತಾರೀಖು ಹಾಕಿ, ಅದೂ ಸುಳ್ಳು, ಆ ತಪ್ಪೂ ನನ್ನದೇ, ಆ ಹುಡುಗ ನಿರಪರಾಧಿ ಎಂದು ಬರೆದ. ಮೇಲಿನ ಮಹಡಿಗೆ ಒಯ್ದು ಕೊಟ್ಟಾಗ ಅಧಿಕಾರಿ ಓದಿ, ಕನ್ನಡಕದ ಮೇಲಿಂದ ನೋಡಿದರು. ‘ಸರಿ ಮಾಡಿದ್ರಲ್ಲ, ಸಾಕು. ಹಳೇದೆಲ್ಲ ಯಾಕ್ರೀ ಕೆದಕ್ತೀರಿ? ಮೇಲಿನ ನಾಲ್ಕು ಸಾಲು ಇರ್ಲಿ, ಕೆಳಗಿನದು ಹೊಡೆದುಹಾಕಿ ತನ್ನಿ.’

‘ಇಲ್ಲ ಸಾರ್. ಹೊಡೆದುಹಾಕೋದಿದ್ರೆ ಮೇಲಿನದನ್ನೂ ಹೊಡೆದುಹಾಕ್ಬೇಕಾಗುತ್ತೆ.’

‘ನಿಮಗೇನಾಗುತ್ತೆ ಗೊತ್ತಾ?’

‘ಗೊತ್ತು.’

ಮೆಟ್ಟಿಲಿಳಿದು ಬಂದು ತನ್ನ ಕುರ್ಚಿಯಲ್ಲಿ ಕೂತು ಮನೆಗೆ ಫೋನು ಮಾಡಿದ. ಪಟ್ಟಿಯಲ್ಲಿ ಮೂರು ಸಾಲು ಎದ್ದು ಮೂರೂ ಮಾಯವಾದವು. ಅತ್ತ ಕಡೆ ಹಲೋ ಎಂದಳು.

‘ಅಂಗಡಿಗೆ ಹೋಗಿದ್ದೆ’ ಎಂದ. ‘ಎಲ್ಲ ಹೇಳಿದ. ವರದಿ ಬರೆದು ಕೊಟ್ಟೆ. ನನ್ನ ಹೆಸರು ಹಾಕಿ.’

ಮೂಗೆಳೆದುಕೊಂಡ ಸದ್ದು ಕೇಳಿಸಿತು. ಕೆಲಸ ಹೋಗುತ್ತಾ ಎಂದು ಕೇಳುತ್ತಾಳೆ, ಯಾಕೆ ಬರೆದಿರಿ ಎನ್ನುತ್ತಾಳೆ ಎಂದು ಕಾದ.

‘ಮೂರೂ ಡಬ್ಬಿ ತಗೊಂಡು ಬನ್ನಿ’ ಎಂದಳು. ‘ಇವತ್ತು ಅವನೂ ಊಟಕ್ಕೆ ಬರ್ಲಿ, ದಾರೀಲಿ ಕರ್ಕೊಂಡೇ ಬನ್ನಿ.’